ಕಿವಿಯಲ್ಲಿ ಕೂತ ಡಾಕ್ಟರ್, ಕಿವಿಯಲ್ಲಿ ಕೂಗಿದ ಹುಲಿ

ಕಳೆದ ತಿಂಗಳು ಭಾನುವಾರದ ಎರಡನೇ ಬಲಿಪೂಜೆ ಮುಗಿಸಿ ದೇವಾಲಯದ ಅಂಗಳದಲ್ಲಿ ನಿಂತಿದ್ದೆವು. ನಮ್ಮ ಧರ್ಮಕೇಂದ್ರದ ಹಿರಿಯ ತಾಯಿಯೊಬ್ಬರು ಹತ್ತಿರ ಬಂದು, "ಬೆಳಿಗ್ಗೆ ವಾಕಿಂಗ್ ಹೋಗುವಾಗ ಕಿವಿಗೆ ವೈರು ಸಿಕ್ಕಿಸಿಕೊಂಡು ಕಣ್ಣು ಅರ್ಧ ಮುಚ್ಚಿಕೊಂಡು ಹೋಗ್ತೀರಲ್ಲ, ಜಪಸರ ಕೇಳ್ತೀರಾ? ನಮ್ಮ ಯಜಮಾನರ ಫೋನಿಗೂ ಅದನ್ನ ಹಾಕಿಕೊಡಿ" ಎಂದರು. ನಿಂತಿದ್ದ ಜಾಗ ಸುಳ್ಳು ಹೇಳುವಂಥದ್ದಲ್ಲ. "ಇಲ್ಲಮ್ಮ, ಅದು ಹುಲಿ ಬೇಟೆ ಕಥೆ" ಎಂದೆವು. ಆ ತಾಯಿ ನಮ್ಮನ್ನು ಮೇಲಿಂದ ಕೆಳಗೆ ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ.

ಅವರಿಗೆ ಅಂದು ಪೂರ್ತಿ ಉತ್ತರ ಕೊಡಲಿಲ್ಲ. ಈ ತಿಂಗಳ ಪುಟದಲ್ಲಿ ಕೊಡುತ್ತಿದ್ದೇವೆ. ಫೋನಿನಲ್ಲಿ ಪುಸ್ತಕ ಕೇಳುವ ಅಭ್ಯಾಸ ಈಗ ನಮ್ಮ ಹಲವು ಮನೆಗಳಿಗೆ ಬಂದಿದೆ. ಮಕ್ಕಳು ಹಾಕಿಕೊಡುತ್ತಾರೆ, ನಾವು ಅಡುಗೆ ಮಾಡುತ್ತಲೋ ಬಟ್ಟೆ ಮಡಚುತ್ತಲೋ ಕೇಳುತ್ತೇವೆ. ಯಾವುದನ್ನು ಕೇಳಬೇಕು, ಹೇಗೆ ಕೇಳಬೇಕು ಎಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ, ತೆತ್ತವರೂ ನಾವಲ್ಲ.

ಅಕ್ಕನ ಮನೆ ಸೇಲಂನಲ್ಲಿ, ಹಸ್ತಂಪಟ್ಟಿಯ ಕಡೆ. ಭಾವ ದೆಂಕಣಿಕೋಟೆಯಲ್ಲಿ ಹುಟ್ಟಿ ಬೆಳೆದವರು. ಧರ್ಮಪುರಿ ಜಿಲ್ಲೆಯ ಪೆನ್ನಾಗರಂ ಕಡೆಯ ಶಾಲೆಗಳಲ್ಲಿ ವರ್ಷಗಟ್ಟಲೆ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಸಿಟ್ಟು ಬಂದಾಗ ಇಂಗ್ಲಿಷ್. ತಿಂಗಳಿಗೊಮ್ಮೆ ನಾವು ಬೆಂಗಳೂರಿನಿಂದ ಬಸ್ಸು ಹಿಡಿದು ಹೋಗಿ ಬರುತ್ತೇವೆ. ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಆಮೇಲೆ ಆ ತೊಪ್ಪೂರು ಘಾಟಿ. ಹೋಗುವುದಕ್ಕೆ ಐದು ಗಂಟೆ, ಬರುವುದಕ್ಕೆ ಐದು ಗಂಟೆ. ಪುಸ್ತಕ ಹಿಡಿದರೆ ಬಸ್ಸಿನ ಕುಲುಕಾಟಕ್ಕೆ ಅಕ್ಷರ ಕುಣಿಯುತ್ತದೆ, ಹೊಟ್ಟೆ ತೊಳೆಸುತ್ತದೆ. ಹಾಗಾಗಿ ಹೋದ ವರ್ಷ ತಪಸ್ಸುಕಾಲದಲ್ಲಿ ಟಿ.ವಿ. ಬಿಡುವುದೆಂದು ಮನೆಯಲ್ಲಿ ತೀರ್ಮಾನವಾದಾಗ ನಾವು ಈ ಕೇಳುವ ಪುಸ್ತಕಗಳಿಗೆ ಬಿದ್ದೆವು. ಬಿಟ್ಟದ್ದು ಒಂದು, ಹಿಡಿದದ್ದು ಇನ್ನೊಂದು. ಇದನ್ನು ತ್ಯಾಗವೆಂದು ಕರೆಯಬಹುದೇ ಎಂದು ನಮ್ಮ ಗುರುಗಳನ್ನು ಕೇಳುವ ಧೈರ್ಯ ಮಾತ್ರ ಆಗಲಿಲ್ಲ.

ಮೊದಲು ಕೇಳಿದ್ದು ಆರೋಗ್ಯದ ಪುಸ್ತಕಗಳು. ಅರವತ್ತು ದಾಟಿದವರಿಗೆ ಬೇರೇನು ಕಾಣುತ್ತದೆ? ಅವುಗಳಲ್ಲಿ ಒಂದು ನಮಗೆ ಬಹಳ ಹಿಡಿಸಿತು. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಓದಿದಾತನ ದನಿ ಎಂಥದ್ದೆಂದರೆ, ನಿಧಾನ, ಗಂಭೀರ, ನಮ್ಮ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು ಕೈ ಹಿಡಿದು ಮಾತಾಡಿದ ಹಾಗೆ. ಉಪ್ಪು ಕಡಿಮೆ ಮಾಡಿ, ನಡೆಯಿರಿ, ತೂಕ ಇಳಿಸಿ, ರಕ್ತದೊತ್ತಡ ತಾನೇ ಇಳಿಯುತ್ತದೆ ಎಂದಿತು. ಇದರಲ್ಲಿ ತಪ್ಪೇನಿಲ್ಲ, ಎಲ್ಲ ಡಾಕ್ಟರುಗಳೂ ಹೇಳುವ ಮಾತೇ. ಆದರೆ ಪುಸ್ತಕ ಮುಂದೆ ಹೋಗುತ್ತಾ ಮಾತ್ರೆಗಳೆಂದರೆ ಕಂಪನಿಗಳ ಬಲೆ, ಒಮ್ಮೆ ಸಿಕ್ಕಿಕೊಂಡರೆ ಸಾಯುವ ತನಕ ಬಿಡಿಸಿಕೊಳ್ಳಲಾಗದು ಎಂಬ ಧಾಟಿಗೆ ಇಳಿಯಿತು. ನಾವು ತಲೆದೂಗಿದೆವು. ತಲೆದೂಗಿ ಸುಮ್ಮನಿರಲಿಲ್ಲ, ಅದನ್ನು ಭಾವನ ಫೋನಿಗೂ ಹಾಕಿಸಿಕೊಟ್ಟೆವು.

ಭಾವ ಹನ್ನೊಂದು ವರ್ಷದಿಂದ ಬಿಪಿ ಮಾತ್ರೆ ನುಂಗುತ್ತಿದ್ದವರು. ಪುಸ್ತಕ ಕೇಳಿದ ಮೇಲೆ ಬೆಳಿಗ್ಗೆ ನಡೆಯಲು ಶುರು ಮಾಡಿದರು. ಊಟದಲ್ಲಿ ಉಪ್ಪಿನಕಾಯಿ ಬಿಟ್ಟರು. ಅಕ್ಕ ಫೋನಿನಲ್ಲಿ ನಮ್ಮನ್ನು ಹೊಗಳಿದ್ದೇ ಹೊಗಳಿದ್ದು. ಅವರು ಮಾತ್ರೆಯನ್ನೂ ಬಿಟ್ಟಿದ್ದರು ಎನ್ನುವುದು ಅಕ್ಕನಿಗೂ ಗೊತ್ತಿರಲಿಲ್ಲ. ದಿನಾ ಮಾತ್ರೆಯ ಪಟ್ಟಿಯಿಂದ ಒಂದನ್ನು ಒಡೆದು ತುಳಸಿ ಕುಂಡದ ಮಣ್ಣಿಗೆ ಒತ್ತುತ್ತಿದ್ದರಂತೆ. ತಲೆನೋವಿಲ್ಲ, ಸುಸ್ತಿಲ್ಲ, ಮೈ ಹಗುರವಾಗಿದೆ ಎಂದುಕೊಂಡರು. ರಕ್ತದೊತ್ತಡದ ದೊಡ್ಡ ಮೋಸವೇ ಅದು. ಏರಿದಾಗ ಮೈಗೆ ಏನೂ ಗೊತ್ತಾಗುವುದಿಲ್ಲ. ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಒತ್ತಡ ಮತ್ತೆ ಏರುತ್ತದೆ, ಕೆಲವು ಬಗೆಯ ಮಾತ್ರೆಗಳಲ್ಲಿ ಮೊದಲಿಗಿಂತಲೂ ಮೇಲಕ್ಕೆ ಹೋಗುತ್ತದೆ.

ಪಾಸ್ಖ ಹಬ್ಬ ಕಳೆದು ಎರಡನೇ ವಾರ. ಬೆಳಿಗ್ಗೆ ಆರೂಕಾಲಕ್ಕೆ ಭಾವನ ಎಡಗೈಯಿಂದ ಕಾಫಿ ಲೋಟ ಜಾರಿತು. ಬಾಯಿ ಒಂದು ಕಡೆ ಸೊಟ್ಟಗಾಯಿತು. ಏನೋ ಹೇಳಲು ಹೋದರು, ಮಾತು ತೊದಲಿತು. ಪಕ್ಕದ ಮನೆಯ ಹುಡುಗ ಒಬ್ಬ ಕಾರು ತೆಗೆದು ಮುಕ್ಕಾಲು ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಿದ. ಆಗ ಒತ್ತಡ 210ರ ಮೇಲೆ 120 ಇತ್ತಂತೆ. ಅದನ್ನು ಇಳಿಸಿ, ಸ್ಕ್ಯಾನ್ ಮಾಡಿ, ರಕ್ತ ಹೆಪ್ಪುಗಟ್ಟಿದೆ ಎಂದು ಖಚಿತಪಡಿಸಿಕೊಂಡು ಅದನ್ನು ಕರಗಿಸುವ ಚುಚ್ಚುಮದ್ದು ಕೊಟ್ಟರು. ಓದುಗರು ಇದೊಂದನ್ನು ಮನೆಯವರಿಗೆಲ್ಲ ಹೇಳಿಡಿ. ಮುಖ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತಾ, ಯಾರಿಗೋ ಫೋನು ಮಾಡುತ್ತಾ ಕೂರಬಾರದು. ಆ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ನಾವು ಮಧ್ಯಾಹ್ನದ ಹೊತ್ತಿಗೆ ಹೋದೆವು. ಅಕ್ಕ ಅಳಲಿಲ್ಲ. "ನಿನ್ನ ಫೋನಿನ ಡಾಕ್ಟ್ರು ಮಾತ್ರೆ ಬಿಡಿ ಅಂದನಂತೆ ಕಣೋ. ಇವರು ಬಿಟ್ಟರು" ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಊರಿಗೆ ಬಂದು ಆ ಪುಸ್ತಕವನ್ನು ಮೊದಲಿನಿಂದ ಮತ್ತೆ ಕೇಳಿದೆವು. ಮೊಟ್ಟಮೊದಲಿಗೆ, ಸಂಗೀತ ಮುಗಿಯುತ್ತಿದ್ದಂತೆ, ಇದು ವೈದ್ಯಕೀಯ ಸಲಹೆಯಲ್ಲ, ನಿಮ್ಮ ವೈದ್ಯರನ್ನು ಕೇಳದೆ ಯಾವ ಔಷಧವನ್ನೂ ನಿಲ್ಲಿಸಬೇಡಿ ಎಂಬ ಮಾತು ಇದ್ದೇ ಇತ್ತು! ಹದಿನೈದು ಸೆಕೆಂಡು. ಅದೇ ದನಿ, ಆದರೆ ಹರಾಜು ಕೂಗುವವನ ವೇಗದಲ್ಲಿ. ಅಚ್ಚಾದ ಪುಸ್ತಕದಲ್ಲಿ ಅದು ಒಂದು ಪುಟವಾಗಿರುತ್ತದೆ, ಕಣ್ಣು ತಡೆಯುತ್ತದೆ. ಕಿವಿಗೆ ಅದು ಗಾಳಿ. ನಮಗೂ ನೆನಪಿರಲಿಲ್ಲ, ಭಾವನಿಗೆ ಅದನ್ನು ಹಾಕಿಕೊಟ್ಟ ಹುಡುಗ ಮೊದಲ ಒಂದು ನಿಮಿಷ ಓಡಿಸಿಯೇ ಕೊಟ್ಟಿದ್ದನಂತೆ.

ಕೇಳುವ ಪುಸ್ತಕದಲ್ಲಿ ಅಡಿಟಿಪ್ಪಣಿಯೂ ಇರುವುದಿಲ್ಲ. ಮ್ಯಾಥ್ಯೂ ವಾಕರ್ ಎಂಬ ನಿದ್ರಾ ವಿಜ್ಞಾನಿ 2017ರಲ್ಲಿ ನಿದ್ದೆಯ ಬಗ್ಗೆ ಬರೆದ ಪುಸ್ತಕ ಲೋಕಪ್ರಸಿದ್ಧವಾಯಿತು. ಅದನ್ನು ನಾವು ರಾತ್ರಿ ಹನ್ನೆರಡೂವರೆಯ ತನಕ ಎದ್ದು ಕೇಳಿದೆವು! ನಿದ್ದೆಗೆಟ್ಟರೆ ಯಾವ ಯಾವ ಕಾಯಿಲೆ ಬರುತ್ತದೆ ಎಂದು ಆತ ಪಟ್ಟಿ ಹೇಳುತ್ತಿದ್ದರೆ ಇದ್ದ ನಿದ್ದೆಯೂ ಓಡಿಹೋಯಿತು. 2019ರಲ್ಲಿ ಅಲೆಕ್ಸಿ ಗುಝೆ ಎಂಬ ಓದುಗರೊಬ್ಬರು ಅದರ ಮೊದಲ ಅಧ್ಯಾಯವನ್ನು ಹಿಡಿದು, ಮೂಲ ಅಧ್ಯಯನಗಳ ಪಕ್ಕದಲ್ಲಿಟ್ಟು, ಹಲವು ಮಾತುಗಳು ಅವುಗಳೊಂದಿಗೆ ಹೊಂದುವುದಿಲ್ಲವೆಂದು ಬರೆದರು. ಕೈಯಲ್ಲಿ ಪುಸ್ತಕ ಹಿಡಿದು ಕೂತವರು ಮಾಡಬಹುದಾದ ಕೆಲಸ ಅದು. ತೊಪ್ಪೂರು ಘಾಟಿಯಲ್ಲಿ ಸೀಟಿನ ಕಂಬಿ ಹಿಡಿದು ಕೂತವರು ಮಾಡಲಾರರು. ನಿದ್ದೆ ಬೇಕೆಂಬುದು ಸುಳ್ಳಲ್ಲ, ಬೇಕು. ಹೆದರಿಕೆಯ ಲೆಕ್ಕ ಮಾತ್ರ ಹೆಚ್ಚಾಯಿತು.

ಆರೋಗ್ಯದ ಪುಸ್ತಕಗಳಲ್ಲಿ ಧೈರ್ಯವಾಗಿ ಹೆಸರು ಹೇಳಬಹುದಾದದ್ದು ಅತುಲ್ ಗವಾಂದೆಯವರ 'ಬೀಯಿಂಗ್ ಮಾರ್ಟಲ್'. 2014ರದ್ದು. ಅಮೆರಿಕದಲ್ಲಿ ಶಸ್ತ್ರವೈದ್ಯರಾದ ಅವರು, ಮುಪ್ಪು, ಸಾವು ಇವುಗಳ ಬಗ್ಗೆ ವೈದ್ಯಕೀಯ ಕಾಲೇಜು ನನಗೆ ಹೆಚ್ಚೇನೂ ಕಲಿಸಲಿಲ್ಲ ಎಂಬ ಒಪ್ಪಿಗೆಯಿಂದಲೇ ಶುರು ಮಾಡುತ್ತಾರೆ. ಮಹಾರಾಷ್ಟ್ರದ ಹಳ್ಳಿಯಲ್ಲಿ ನೂರು ದಾಟಿ, ಹತ್ತಿರ ಹತ್ತಿರ ನೂರಹತ್ತು ವರ್ಷ ಬಾಳಿದ ತಮ್ಮ ಅಜ್ಜನ ಕಥೆ ಹೇಳುತ್ತಾರೆ. ಆ ಅಜ್ಜ ಆ ವಯಸ್ಸಿನಲ್ಲೂ ಕುದುರೆಯ ಮೇಲೆ ಕೂತು ಹೊಲ ನೋಡಿ ಬರುತ್ತಿದ್ದರಂತೆ, ಸುತ್ತ ಮಕ್ಕಳು ಮೊಮ್ಮಕ್ಕಳು ಇದ್ದರಂತೆ. ತಂದೆಗೆ ಬೆನ್ನುಹುರಿಯಲ್ಲಿ ಗೆಡ್ಡೆಯಾದಾಗ, ಡಾಕ್ಟರ್ ಆದ ಮಗನಿಗೂ, ಡಾಕ್ಟರೇ ಆಗಿದ್ದ ತಂದೆಗೂ ಏನು ಮಾಡಬೇಕೆಂದು ತೋಚದೆ ಕೂತ ಪ್ರಸಂಗ ಬರುತ್ತದೆ. ಹಾಸಿಗೆ ಹಿಡಿದ ಹಿರಿಯರಿರುವ ಮನೆಯವರು ಇದನ್ನು ಕೇಳಬೇಕು. ಒಂದೇ ಸಲಕ್ಕೆ ಕೇಳಬೇಡಿ, ಅಷ್ಟು ತಡೆಯುವುದಿಲ್ಲ.

ಇನ್ನು ಜನರನ್ನು ಒಲಿಸಿಕೊಳ್ಳುವ ಪುಸ್ತಕಗಳು. ಡೇಲ್ ಕಾರ್ನೆಗಿ 1936ರಲ್ಲಿ ಬರೆದದ್ದು ಇಂದಿಗೂ ಮಾರಾಟವಾಗುತ್ತಿದೆ. ಎದುರಿಗಿರುವವರ ಹೆಸರು ನೆನಪಿಟ್ಟುಕೊಂಡು ಕರೆಯಿರಿ, ಅವರ ಮಾತು ಕೇಳಿ, ವಾದ ಮಾಡಬೇಡಿ ಎನ್ನುತ್ತದೆ. ಇದನ್ನು ಧರ್ಮಪುರಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರೊಬ್ಬರ ಮೇಲೆ ಪ್ರಯೋಗಿಸಿದೆವು. ಅಂಗಿಯ ಮೇಲಿನ ಹೆಸರು ನೋಡಿ, ನಗುಮುಖದಿಂದ ಹೆಸರು ಹಿಡಿದು ಕರೆದೆವು. ಆತ ಒಂದು ಕ್ಷಣ ನೋಡಿ, "ಸಿಲ್ರೆ ಇಲ್ಲೇ ಸಾರ್" ಎಂದು ಹೊರಟೇಹೋದ. ಚಿಲ್ಲರೆ ಇಲ್ಲವೆಂದು ನಾವು ಇನ್ನೂ ಹೇಳಿಯೇ ಇರಲಿಲ್ಲ.

ಆದರೆ ಇದೇ ಗುಂಪಿಗೆ ಸೇರಿದ ಇನ್ನೊಂದು ಪುಸ್ತಕವನ್ನು ಭಾವ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಕೇಳಿದೆವು. ರಾಬರ್ಟ್ ಚಾಲ್ಡೀನಿ ಎಂಬ ಅಮೆರಿಕದ ಮನಶ್ಶಾಸ್ತ್ರದ ಪ್ರೊಫೆಸರ್ 1984ರಲ್ಲಿ ಪ್ರಕಟಿಸಿದ 'ಇನ್‌ಫ್ಲುಯೆನ್ಸ್'. ಮಾರಾಟಗಾರರು, ಚಂದಾ ಎತ್ತುವವರು, ಜಾಹೀರಾತಿನವರು ನಮ್ಮನ್ನು ಹೇಗೆ ಒಪ್ಪಿಸುತ್ತಾರೆಂದು ತಿಳಿಯಲು ಈತ ಅವರ ತರಬೇತಿಗಳಿಗೆ ಸೇರಿಕೊಂಡು ನೋಡಿದವರು. ಬೇರೆಯವರು ಒಲಿಸುವುದನ್ನು ಕಲಿಸಿದರೆ, ಈತ ಒಲಿಯದೆ ಇರುವುದನ್ನೂ ಹೇಳುತ್ತಾರೆ. ಅದರಲ್ಲಿ ಅಧಿಕಾರದ ದನಿಯ ಬಗ್ಗೆ ಒಂದು ಅಧ್ಯಾಯವಿದೆ. ಅದನ್ನು ಕೇಳುತ್ತಿದ್ದಾಗ ಬಸ್ಸು ಕೃಷ್ಣಗಿರಿ ಟೋಲ್‌ನಲ್ಲಿ ನಿಂತಿತ್ತು, ಎಸಿ ಇರಲಿಲ್ಲ, ಆದರೂ ಮೈ ತಣ್ಣಗಾಯಿತು.

1966ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಚಾಲ್ಡೀನಿ ಅಲ್ಲಿ ವಿವರಿಸುತ್ತಾರೆ. ಆಸ್ಪತ್ರೆಯ ವಾರ್ಡುಗಳಿಗೆ ಒಂದು ಫೋನು ಬರುತ್ತದೆ. ತಾನು ಇಂಥ ಡಾಕ್ಟರ್ ಎಂದು ಹೇಳುವ ದನಿ, ಇಂಥ ರೋಗಿಗೆ ಇಂಥ ಔಷಧ ಇಷ್ಟು ಕೊಡಿ ಎನ್ನುತ್ತದೆ. ನರ್ಸಿಗೆ ಆ ಡಾಕ್ಟರ ಮುಖ ಪರಿಚಯವಿಲ್ಲ. ಫೋನಿನಲ್ಲಿ ಔಷಧ ಬರೆಸುವುದು ಆಸ್ಪತ್ರೆಯ ನಿಯಮಕ್ಕೆ ವಿರುದ್ಧ. ಹೇಳಿದ ಪ್ರಮಾಣ, ಡಬ್ಬದ ಮೇಲೆ ಬರೆದಿರುವ ಗರಿಷ್ಠ ಪ್ರಮಾಣದ ಎರಡರಷ್ಟು. ಆದರೂ 22 ನರ್ಸುಗಳಲ್ಲಿ 21 ಮಂದಿ ಔಷಧ ತೆಗೆದುಕೊಂಡು ರೋಗಿಯ ಕಡೆ ಹೊರಟರು. ದಾರಿಯಲ್ಲಿ ತಡೆದು ವಿಷಯ ತಿಳಿಸಿದರು, ಔಷಧವೂ ನಿರಪಾಯದ್ದೇ. ಓದು ಬಲ್ಲವರು, ತರಬೇತಿ ಆದವರು, ರೋಗಿಗೆ ಕೇಡು ಬಯಸದವರು. ಒಂದು ದನಿ ಸಾಕಾಯಿತು.

ಅಮೆರಿಕದ ಟಿ.ವಿ. ಧಾರಾವಾಹಿಯಲ್ಲಿ ಡಾಕ್ಟರ್ ಪಾತ್ರ ಮಾಡುತ್ತಿದ್ದ ರಾಬರ್ಟ್ ಯಂಗ್ ಎಂಬ ನಟನನ್ನು ಕಾಫಿ ಕಂಪನಿಯೊಂದು ಜಾಹೀರಾತಿಗೆ ಹಾಕಿಕೊಂಡು, ಕೆಫೀನಿಲ್ಲದ ಕಾಫಿ ಆರೋಗ್ಯಕ್ಕೆ ಒಳ್ಳೆಯದೆಂದು ಹೇಳಿಸಿ ಲಾಭ ಮಾಡಿಕೊಂಡ ಕಥೆಯೂ ಅಲ್ಲಿದೆ. ಆತ ಡಾಕ್ಟರಲ್ಲ, ನಟ ಎಂದು ನೋಡುವವರಿಗೆಲ್ಲ ಗೊತ್ತು. ಆದರೂ! ನಮ್ಮ ಆರೋಗ್ಯದ ಪುಸ್ತಕವನ್ನು ಓದಿದ ಆ ಗಂಭೀರ ದನಿಯೂ ಬರೆದವರದ್ದಲ್ಲ. ಸಂಬಳಕ್ಕೆ ಓದಿದ ಕಲಾವಿದನದ್ದು. ಮರುದಿನ ಅದೇ ಗಂಟಲು ಪತ್ತೇದಾರಿ ಕಾದಂಬರಿ ಓದುತ್ತಿರಬಹುದು. ಭಾವನೂ ನಾವೂ ಡಾಕ್ಟರ್ ಎಂದು ನಂಬಿದ್ದು ಆ ಗಂಟಲನ್ನು.

(ಚಾಲ್ಡೀನಿಯನ್ನು ನಮ್ಮ ಗುರುಗಳಿಗೂ ಕೊಡಬೇಕೆಂದಿದ್ದೇವೆ. ಪ್ರಬೋಧನೆ ಹತ್ತು ನಿಮಿಷ ಚಿಕ್ಕದಾದೀತೆಂಬ ಆಸೆ.)

ಈಗ ಹುಲಿಗೆ ಬರುತ್ತೇವೆ.

ಭಾವ ಮನೆಗೆ ಬಂದರು. ಎಡಗೈ ಬೆರಳುಗಳು ಸರಿಯಾಗಿ ಮಡಚುತ್ತಿರಲಿಲ್ಲ, ಓದಲು ಕೂತರೆ ಬೇಗ ದಣಿವು. "ಏನಾದ್ರೂ ಕೇಳೋದಕ್ಕೆ ಹಾಕು" ಎಂದರು. ಅಕ್ಕ ನಮ್ಮ ಕಡೆ ನೋಡಿದಳು. ನಾವು ಬಹಳ ಯೋಚಿಸಿ, ಯಾವ ಸಲಹೆಯನ್ನೂ ಕೊಡದ ಪುಸ್ತಕ ಇರಲಿ ಎಂದು ಕೆನೆತ್ ಆಂಡರ್ಸನ್ ಅವರ ಬೇಟೆಯ ಕಥೆಗಳನ್ನು ಹಾಕಿದೆವು.

ಆಂಡರ್ಸನ್ ಹೆಸರು ನಮ್ಮ ಓದುಗರಲ್ಲಿ ಹಲವರಿಗೆ ಗೊತ್ತಿರುತ್ತದೆ. ಪೂರ್ಣಚಂದ್ರ ತೇಜಸ್ವಿಯವರು 'ಕಾಡಿನ ಕಥೆಗಳು' ಎಂಬ ಮಾಲೆಯಲ್ಲಿ ಅವನ್ನು ಕನ್ನಡಕ್ಕೆ ತಂದರು. ಅದರ 'ಬೆಳ್ಳಂದೂರಿನ ನರಭಕ್ಷಕ', 'ಜಾಲಹಳ್ಳಿಯ ಕುರ್ಕ' ಪುಸ್ತಕಗಳನ್ನು ಓದಿ ರಾತ್ರಿ ಹಿತ್ತಲಿಗೆ ಹೋಗಲು ಹೆದರಿದ ಮಕ್ಕಳು ನಮ್ಮ ಧರ್ಮಕೇಂದ್ರದಲ್ಲೇ ಇದ್ದಾರೆ, ಈಗ ಅವರಿಗೂ ಮಕ್ಕಳಾಗಿವೆ. ಆಂಡರ್ಸನ್ 1910ರಲ್ಲಿ ಹುಟ್ಟಿದವರು, ಸ್ಕಾಟ್ಲೆಂಡ್ ಮೂಲದ ಮನೆತನ, ಬೆಂಗಳೂರಿನಲ್ಲೇ ಬೆಳೆದು, ಅಲ್ಲಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿ, 1974ರಲ್ಲಿ ಅಲ್ಲೇ ತೀರಿಕೊಂಡರು. ರಜೆ ಸಿಕ್ಕರೆ ಸಾಕು, ಸ್ಟುಡಿಬೇಕರ್ ಕಾರು ಹತ್ತಿ ಸೇಲಂ ಜಿಲ್ಲೆಯ ಕಾಡಿಗೆ. ಆ ಕಾಲಕ್ಕೆ ಹೊಸೂರು, ದೆಂಕಣಿಕೋಟೆ, ಪೆನ್ನಾಗರಂ ಎಲ್ಲವೂ ಸೇಲಂ ಜಿಲ್ಲೆಯೇ. ಧರ್ಮಪುರಿ ಬೇರೆ ಜಿಲ್ಲೆಯಾದದ್ದು 1965ರಲ್ಲಿ, ಅದರಿಂದ ಕೃಷ್ಣಗಿರಿ ಒಡೆದದ್ದು 2004ರಲ್ಲಿ. ಮೊದಲ ಪುಸ್ತಕ 1954ರಲ್ಲಿ ಬಂತು. ಜವಳಗಿರಿ, ಗುಮ್ಮಲಾಪುರ, ಅಂಚೆಟ್ಟಿ, ಮುತ್ತೂರು, ಪನಪಟ್ಟಿ, ಕೆಂಪೆಕರೆ... ಅವರ ಕಥೆಗಳ ಊರುಗಳೆಲ್ಲ ಭಾವನ ಊರುಗಳು.

ನಮಗೆ ಆಶ್ಚರ್ಯವಾದದ್ದು ಭಾವ ಅದನ್ನು ಕೇಳಿದ ರೀತಿ. ಐದು ನಿಮಿಷಕ್ಕೊಮ್ಮೆ "ನಿಲ್ಲಿಸು!" ಎನ್ನುವರು. "ಆ ದಾರಿ ಹಾಗೆ ಹೋಗಲ್ಲ, ಹಳ್ಳ ಎಡಕ್ಕೆ ಬರುತ್ತೆ." "ಬೇಸಿಗೇಲಿ ಅಲ್ಲಿ ನೀರೆಲ್ಲಿ ಬಂತು?" "ಈ ಮಾತು ಹಳ್ಳಿಯೋನು ಹೀಗೆ ಆಡಿರಲ್ಲ, ಇದು ದೊರೆ ಸೇರಿಸಿದ್ದು." ಒಮ್ಮೆ ಮಾತ್ರ, "ಇದು ಸರಿ. ಮಳೆ ಬಿದ್ದ ಮೇಲೆ ಆ ಕಾಡು ಹೀಗೇ ನಾರುತ್ತೆ" ಎಂದು ಕಣ್ಣು ಮುಚ್ಚಿ ಕೂತರು.

ಗುಮ್ಮಲಾಪುರದ ಚಿರತೆಯ ಕಥೆ ಅವರಿಗೆ ಅಚ್ಚುಮೆಚ್ಚು. ತಳಿಯ ಕಡೆಯ ಹಳ್ಳಿ ಅದು, ಈಗಲೂ ಕನ್ನಡ ಕಿವಿಗೆ ಬೀಳುವ ಜಾಗ. ಕತ್ತಲಾದರೆ ಜನ ಬಾಗಿಲಿಗೆ ಮುಳ್ಳು ಒಡ್ಡಿ ಒಳಗೇ ಕೂರುತ್ತಿದ್ದ ದಿನಗಳು. ಆಂಡರ್ಸನ್ ಪ್ರಯತ್ನದ ಮೇಲೆ ಪ್ರಯತ್ನ ಮಾಡಿ ಸೋಲುತ್ತಾರೆ. ಕಡೆಗೆ ನೆರವಿಗೆ ಬಂದದ್ದು ಒಂದು ಬೀದಿನಾಯಿ. ಹಗಲು ಬಿಸ್ಕತ್ತು ಹಾಕಿದ್ದಕ್ಕೆ ಜೊತೆಬಿದ್ದು, ರಾತ್ರಿ ಅವರ ಪಕ್ಕದಲ್ಲೇ ಮಲಗಿ, ಚಿರತೆ ಬರುವುದನ್ನು ಮೊದಲು ತಿಳಿದು ಗುರುಗುಟ್ಟಿದ್ದು ಅದು. ಅದಕ್ಕೆ ನಿಪ್ಪರ್ ಎಂದು ಹೆಸರಿಟ್ಟು ಮನೆಗೆ ಕರೆದೊಯ್ದು ಸಾಕಿಕೊಂಡರು. ಈ ಭಾಗಕ್ಕೆ ಅಕ್ಕ ಅಡುಗೆಮನೆಯಿಂದ ಬಂದು ನಿಂತಳು. ಬೇರೆ ಯಾವುದಕ್ಕೂ ಬಂದಿರಲಿಲ್ಲ.

ಜವಳಗಿರಿಯ ಹೆಣ್ಣುಹುಲಿಯ ಕಥೆ ಬೇರೆಯೇ. ಅದರ ಜೊತೆಗಾರನನ್ನು ಕೊಂದಿದ್ದರು. ಆಮೇಲೆ ಅದು ಗಂಡಿಗಾಗಿ ಕೂಗುತ್ತಾ ಕಾಡೆಲ್ಲ ಅಲೆಯಿತು. ಕೂಗಿಗೆ ಹೆದರಿದ ಕೆಳಗಿನ ನೌಕರರು ಒಬ್ಬ ಯುವ ಬೇಟೆಗಾರನನ್ನು ಕರೆಸಿದರು. ಅವನ ಗುಂಡು ಗಾಯ ಮಾಡಿತು, ಕೊಲ್ಲಲಿಲ್ಲ. ಆ ಗಾಯದಿಂದ ಹುಲಿ ನರಭಕ್ಷಕವಾಯಿತು. ನರಭಕ್ಷಕಗಳಲ್ಲಿ ಹೆಚ್ಚಿನವು ಮನುಷ್ಯರ ಗುಂಡಿನ ಗಾಯದಿಂದಲೇ ಹುಟ್ಟಿದವು ಎಂದು ಆಂಡರ್ಸನ್ ತಮ್ಮ ಪುಸ್ತಕಗಳಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ಕೊನೆಗೆ ಅವರು ಗಂಡುಹುಲಿಯ ಕೂಗನ್ನು ಅನುಕರಿಸಿ ಕರೆದರು. ಅದು ನಂಬಿ, ಉತ್ತರ ಕೂಗುತ್ತಾ, ನೇರ ಬಂದೂಕಿನ ಎದುರಿಗೆ ಬಂತು. ಹೊಡೆದರು. ಹೊಡೆದ ಮೇಲೆ ಗೆದ್ದ ಸಂತೋಷ ತಮಗಿರಲಿಲ್ಲ, ಮೋಸದಿಂದ ಕೊಂದಂತಾಯಿತು ಎಂಬ ಭಾವದಲ್ಲಿ ಕಥೆ ಮುಗಿಸುತ್ತಾರೆ.

ಅದು ಮುಗಿದ ಮೇಲೆ ಭಾವ ಬಹಳ ಹೊತ್ತು ಮಾತಾಡಲಿಲ್ಲ. ನಾವೂ ಆಡಲಿಲ್ಲ. ಕತ್ತಲಲ್ಲಿ ಬಂದ ದನಿಯನ್ನು ತನ್ನದೇ ಜೊತೆಗಾರನ ದನಿಯೆಂದು ನಂಬಿ ಬಂದ ಪ್ರಾಣಿಯ ಕಥೆಯನ್ನು ಆ ಮನೆಯಲ್ಲಿ, ಆ ವರ್ಷ, ಹಗುರವಾಗಿ ಕೇಳುವುದು ಸಾಧ್ಯವಿರಲಿಲ್ಲ.

ನಮ್ಮ ಮನೆಯವರಿಗೆ ಈ ಬೇಟೆಗಾರ ಹಿಡಿಸಲಿಲ್ಲವೆಂಬುದನ್ನೂ ಹೇಳಬೇಕು. "ಹುಲಿ ಸತ್ತಿದ್ದಕ್ಕೆ ಇಷ್ಟು ಸಂಕಟಪಡ್ತಾನೆ. ನೀರಿಗೆ ಹೋಗಿ ಸತ್ತ ಹೆಂಗಸಿನ ಮನೆಯಲ್ಲಿ ಮಾರನೇ ದಿನ ಒಲೆ ಹಚ್ಚಿದವರು ಯಾರು ಅಂತ ಕೇಳೋದೇ ಇಲ್ಲ" ಎಂದರು. ಸರಿಯಾದ ಮಾತು. ಕೆಲವು ಸಾಹಸಗಳು ಬಣ್ಣ ಹಚ್ಚಿದವು ಎಂಬ ಅನುಮಾನ ನಮಗೂ ಇದೆ. ಆದರೆ ಈತ ತನ್ನ ಗುರಿ ತಪ್ಪಿದ್ದನ್ನು ಹೇಳುತ್ತಾರೆ, ಹೆದರಿದ್ದನ್ನು ಹೇಳುತ್ತಾರೆ, ತಾನು ಕಾದು ಕೂತ ಕಡೆ ಬಿಟ್ಟು ಪ್ರಾಣಿ ಬೇರೆ ಕಡೆ ಕೊಂದದ್ದನ್ನು ಹೇಳುತ್ತಾರೆ. ಚಿನ್ನಾರ್ ಹೊಳೆಯ ಬಳಿ ಕಳ್ಳಬೇಟೆಗೆ ಕೂತಿದ್ದ ಭೈರ ಎಂಬ ಪೂಜಾರಿ ಬುಡಕಟ್ಟಿನವನನ್ನು ಹಿಡಿದುಕೊಡದೆ ಗೆಳೆಯನನ್ನಾಗಿ ಮಾಡಿಕೊಂಡು, ಕಾಡನ್ನು ಅವನಿಂದ ಕಲಿತೆನೆಂದು ಒಪ್ಪಿಕೊಳ್ಳುತ್ತಾರೆ. ನಮ್ಮ ಆರೋಗ್ಯದ ಪುಸ್ತಕ ಒಂಬತ್ತು ಗಂಟೆಯ ಉದ್ದಕ್ಕೂ ಒಂದು ಸಲವೂ, ಇಲ್ಲಿ ನಾನು ತಪ್ಪಿದೆ ಎನ್ನಲಿಲ್ಲ.

ಬೇಟೆ ಈಗ ಅಪರಾಧ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕಾಲ ಮುಗಿಯಿತು. ಆಂಡರ್ಸನ್ ಅಲೆದ ಕಾಡುಗಳಲ್ಲಿ ಒಂದಷ್ಟು ಭಾಗ 2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿಧಾಮಗಳಾದವು. ದೆಂಕಣಿಕೋಟೆಯ ಭಾವನ ಬಂಧುಗಳಿಗೆ ಈಗಿನ ಚಿಂತೆ ರಾಗಿ ತೆನೆಗೆ ಬರುವ ಹೊತ್ತಿಗೆ ಇಳಿಯುವ ಆನೆ ಹಿಂಡುಗಳದ್ದು.

ಒಂದು ದಿನ ಕೇಳಿಯೇಬಿಟ್ಟೆವು. "ಭಾವ, ಆಂಡರ್ಸನ್ ಹೇಳೋ ಒಂದೊಂದು ಮಾತಿಗೂ ಜಗಳ ತೆಗೀತೀರಿ. ಆ ಡಾಕ್ಟರ್ ಪುಸ್ತಕಕ್ಕೆ ಯಾಕೆ ಒಂದು ಮಾತೂ ಕೇಳಲಿಲ್ಲ?"

"ಕೇಳಿದ್ದೆನಲ್ಲ" ಎಂದರು. "ದಿನಕ್ಕೆ ಎಂಟು ಲೋಟ ನೀರು ಕುಡೀರಿ, ಎಲ್ಲ ರೋಗಕ್ಕೂ ನೀರೇ ಮದ್ದು ಅಂದನಲ್ಲ, ಅಲ್ಲಿ ನಕ್ಕಿದ್ದೆ. ಪೆನ್ನಾಗರಂ ಶಾಲೇಲಿ ನನ್ನ ಮಕ್ಕಳ ಹಲ್ಲು ನೋಡಿದ್ದರೆ ಹಾಗೆ ಹೇಳ್ತಿರಲಿಲ್ಲ."

ಧರ್ಮಪುರಿ, ಕೃಷ್ಣಗಿರಿ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ನೆಲದಡಿಯ ಬಂಡೆಯಿಂದಲೇ ನೀರಿಗೆ ಇಳಿಯುತ್ತದೆ. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಗೆರೆ ಬೀಳುತ್ತವೆ, ಇನ್ನೂ ಹೆಚ್ಚಾದರೆ ಕೀಲು, ಬೆನ್ನು ಬಿಗಿಯುತ್ತವೆ. ಕಾಯಿಸಿದರೆ ಹೋಗುವ ವಿಷವಲ್ಲ ಅದು, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ಇದಕ್ಕೆಂದೇ ಜಪಾನಿನ ಸಾಲದ ನೆರವಿನಿಂದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಬಂತು. 2008ರಲ್ಲಿ ಅದಕ್ಕಾಗಿ ಎರಡು ರಾಜ್ಯಗಳ ನಡುವೆ ನಡೆದ ಗಲಾಟೆ ನಮ್ಮ ಓದುಗರಿಗೆ ನೆನಪಿರಬಹುದು. ಆ ಗಲಾಟೆಯಲ್ಲಿ ಆ ಮಕ್ಕಳ ಹಲ್ಲಿನ ಮಾತು ನಮ್ಮ ಕಡೆ ಎಷ್ಟು ಮಂದಿಗೆ ಮುಟ್ಟಿತೋ! 2013ರಲ್ಲಿ ಯೋಜನೆ ಉದ್ಘಾಟನೆಯಾಗಿ ಕಾವೇರಿ ನೀರು ಆ ಊರುಗಳ ಕಡೆ ಹರಿಯಿತು. ಬೋರ್‌ವೆಲ್ ನೀರು ಕುಡಿಸಬೇಡಿ ಎಂದು ತಾಯಂದಿರಿಗೆ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡ ಮೇಷ್ಟ್ರಿಗೆ ನೀರಿನ ವಿಷಯದಲ್ಲಿ ಯಾವ ದನಿಯೂ ಮೋಸ ಮಾಡಲಾಗಲಿಲ್ಲ.

"ನೀರು ನನಗೆ ಗೊತ್ತು, ಕಾಡು ಗೊತ್ತು. ಅದಕ್ಕೇ ಜಗಳ ಆಡಿದೆ" ಎಂದರು ಭಾವ. "ರಕ್ತದ ವಿಷಯ ನನಗೇನು ಗೊತ್ತು? ಗೊತ್ತಿಲ್ಲದ ಕಡೆ ಸುಮ್ಮನೆ ತಲೆ ಕೊಟ್ಟೆ."

ಚಾಲ್ಡೀನಿಯ ಪುಸ್ತಕವನ್ನು ಅವರಿಗೆ ಆಮೇಲೆ ಹಾಕಿಕೊಡುವ ಅಗತ್ಯ ಬೀಳಲಿಲ್ಲ.

ಈಗ ಭಾವನ ಹತ್ತಿರ ಒಂದು ನೋಟುಬುಕ್ಕಿದೆ, ನಲವತ್ತು ಪುಟದ್ದು. ಆಸ್ಪತ್ರೆಗೆ ಹೋಗುವ ಮೊದಲು ಪ್ರಶ್ನೆಗಳನ್ನು ಬರೆದುಕೊಳ್ಳುತ್ತಾರೆ. ಈ ಮಾತ್ರೆ ಯಾವುದಕ್ಕೆ, ಮರೆತರೆ ಏನು ಮಾಡಬೇಕು, ಯಾವಾಗ ಕಡಿಮೆ ಮಾಡಬಹುದು. ಡಾಕ್ಟರ್ ಮೊದಲು ಗಡಿಯಾರ ನೋಡಿದರಂತೆ, ಈಗ ಅವರೇ "ನೋಟುಬುಕ್ ತೆಗೀರಿ ಸಾರ್" ಎನ್ನುತ್ತಾರಂತೆ. ಉಪ್ಪಿನಕಾಯಿ ಬಿಟ್ಟದ್ದು ಬಿಟ್ಟೇ ಇದೆ, ನಡಿಗೆ ನಿಂತಿಲ್ಲ. ಹಾಗೆ ನೋಡಿದರೆ ಪುಸ್ತಕ ಹೇಳಿದ ಆ ಎರಡು ಮಾತು ಸುಳ್ಳಾಗಲಿಲ್ಲ. ಆರು ತಿಂಗಳ ಮೇಲೆ ಎರಡು ಮಾತ್ರೆಗಳಲ್ಲಿ ಒಂದರ ಪ್ರಮಾಣವನ್ನು ಡಾಕ್ಟರೇ ಅರ್ಧ ಮಾಡಿದರು. ಎಡಗೈಯ ಉಂಗುರದ ಬೆರಳೂ ಕಿರುಬೆರಳೂ ಮಾತ್ರ ಇನ್ನೂ ಪೂರ್ತಿ ಬಂದಿಲ್ಲ. ಜಪಸರ ಹಿಡಿಯುವಾಗ ಅದನ್ನು ನೋಡುತ್ತೇವೆ, ನೋಡಿ ಬೇರೆ ಕಡೆ ನೋಡುತ್ತೇವೆ.

ಹೋದ ವಾರ ಹೋಗಿದ್ದಾಗ ರಾತ್ರಿ ಊಟವಾದ ಮೇಲೆ ಅಕ್ಕ ಮಾತ್ರೆಯ ಡಬ್ಬಿ, ನೀರು ತಂದು ಮುಂದಿಟ್ಟು, ನುಂಗುವ ತನಕ ಅಲ್ಲೇ ನಿಂತಳು. ತುಳಸಿ ಕುಂಡವನ್ನು ಅವಳು ಹಿತ್ತಲಿಗೆ ಸಾಗಿಸಿಬಿಟ್ಟಿದ್ದಾಳೆ. ಭಾವ ನುಂಗಿ, ಬಾಯಿ ತೆರೆದು ತೋರಿಸಿ, ನಮ್ಮ ಕಡೆ ತಿರುಗಿದರು.

"ಮುಂದಿನದು ಯಾವುದು?"

"ಪನಪಟ್ಟಿಯ ಪುಂಡಾನೆ."

"ಪನಪಟ್ಟಿನಾ? ಅಲ್ಲಿ ನಾನು ಎರಡು ವರ್ಷ ಎಲೆಕ್ಷನ್ ಡ್ಯೂಟಿ ಮಾಡಿದ್ದೀನಿ. ಹಾಕು, ಹಾಕು. ಎಷ್ಟು ಬಿಡ್ತಾನೆ ನೋಡೋಣ."